ಮೊದಲೇ ಬಂದ ತೇವ



ವಿಜಯಪುರದಿಂದ ಸೊಲ್ಲಾಪುರದ ದಾರಿ ಹಿಡಿದರೆ ಇಂಡಿ ತಾಲ್ಲೂಕಿನ ಹೊರ್ತಿ ಸಿಗುತ್ತದೆ. ಇಲ್ಲಿಯದು ಎರಿಹೊಲ, ಬಿಳಿಜೋಳದ ಸೀಮೆ. ಹಿಂಗಾರಿಯಲ್ಲಿ ಬಿತ್ತಿದ ಮೇಲೆ ಮಳೆ ಬರಲಿ ಬಿಡಲಿ, ಕರಿಮಣ್ಣು ಹಿಡಿದಿಟ್ಟ ತೇವವೇ ಪೈರನ್ನು ತೆನೆಗೆ ಮುಟ್ಟಿಸಬೇಕು. ಬಿತ್ತಿದವನು ಆ ತೇವವನ್ನು ಇಟ್ಟವನಲ್ಲ. ಅದು ಮೊದಲೇ ಬಂದಿತ್ತು.

ದೇವರ ವರಪ್ರಸಾದವೂ ಹಾಗೆಯೇ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಸಂತ ಪೌಲರು ಇಡುವ ಕ್ರಮ ಇದೇ: ಮೊದಲು ಕೃಪೆ, ಆಮೇಲೆ ಸತ್ಕಾರ್ಯ. ನಾವು ಅದನ್ನು ತಿರುವುಮುರುವು ಮಾಡುತ್ತೇವೆ. ಇಷ್ಟು ಜಪಸರ, ಇಷ್ಟು ಉಪವಾಸ, ಇಷ್ಟು ಮೇಣದ ಬತ್ತಿ. ದೇವರೇ, ಇನ್ನು ನಿನ್ನ ಸರದಿ! (ಗುರುಗಳಾದ ನಾವೂ ಈ ಲೆಕ್ಕಕ್ಕೆ ಹೊರತಲ್ಲ.)

ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳು ಗುಣವಾದರು. ಹಿಂದಿರುಗಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಯೇಸು ಹೇಳಿದಂತೆಯೇ ಯಾಜಕರ ಕಡೆಗೆ ಹೊರಟವರು. ನನ್ನನ್ನು ಕಾಡುವುದು ಇದೇ: ವಿಧಿ ತಪ್ಪದೆಯೂ ಕೃತಜ್ಞತೆ ತಪ್ಪಬಹುದು.

ಆದಿಸಭೆ ಬಲಿಪೂಜೆಗೆ ಕೊಟ್ಟ ಗ್ರೀಕ್ ಹೆಸರು 'ಯೂಖರಿಸ್ತಿಯ'. ಕೃತಜ್ಞತೆ ಸಲ್ಲಿಸುವುದು ಎಂದೇ ಅದರ ಅರ್ಥ. ಭಾನುವಾರ ಅದನ್ನು ಅರ್ಪಿಸಿ ಬಂದ ನಾವು ಸೋಮವಾರ ಜೋಳ ಕೀಳುವವಳ ಕೂಲಿಯಲ್ಲಿ ಹತ್ತು ರೂಪಾಯಿ ಮುರಿದುಕೊಂಡರೆ? ಬದುವಿನ ಒಂದು ಗೇಣಿಗಾಗಿ ಅಣ್ಣನ ಮನೆಯ ಹೊಸ್ತಿಲು ತುಳಿಯದಿದ್ದರೆ?

ಈ ಸಂಜೆ ಜಪಸರಕ್ಕೆ ಕೂರುವ ಮುನ್ನ, ದುಡಿಯದೆ ನಿಮಗೆ ದೊರೆತ ಒಂದನ್ನು ಮನೆಯವರೆದುರು ಹೆಸರಿಸಿರಿ. ಬೆಳಗಾದ ಮೇಲೆ ಅಣ್ಣನ ಮನೆಗೆ ಹೋಗಿರಿ. ಬರಿಗೈಯಲ್ಲಿ ಬೇಡ, ಹೊಸ ಜೋಳದ ನಾಲ್ಕು ರೊಟ್ಟಿ ಕಟ್ಟಿಕೊಂಡು ಹೋಗಿರಿ.