ಒಂದೇ ತಲೆಮಾರಿನ ಹೆಸರು

ಹಡ್ಸನ್ ನದಿಯ ದಂಡೆಗೆ 1631ರಲ್ಲಿ ಕಾರ್ನೆಲಿಸ್ ಮಾಸ್ಸೆನ್ ಎಂಬ ಡಚ್ಚನೊಬ್ಬ ಬಂದ. ಅವನು ಮಾಸ್‌ನ ಮಗ, ಅದಕ್ಕೇ ಮಾಸ್ಸೆನ್. ಅವನ ಮಗ ಮಾರ್ಟನ್ ಕಾರ್ನೆಲಿಸೆನ್, ಮೊಮ್ಮಗ ಪೀಟರ್ ಮಾರ್ಟೆನ್ಸೆ, ಮರಿಮಗ ಮಾರ್ಟನ್ ಪೀಟರ್ಸೆ. ಅಪ್ಪನ ಹೆಸರು ಮಗನ ಜೊತೆ ನಡೆದು, ಮೊಮ್ಮಗನ ಹೊತ್ತಿಗೆ ಬಿಟ್ಟುಹೋಗುತ್ತಿತ್ತು.

ಇಂಥವರ ಬೇರು ಹುಡುಕುವವರಿಗೆ ಚರ್ಚಿನ ದಾಖಲೆಗಳೇ ಮುಖ್ಯ ಆಸರೆ. ಮುಂದೆ ನ್ಯೂಯಾರ್ಕ್ ಆದ ನ್ಯೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಚ್ ರಿಫಾರ್ಮ್ಡ್ ಸಭೆ ಏರ್ಪಟ್ಟಿದ್ದು 1628ರಲ್ಲಿ. ಉಳಿದಿರುವ ದೀಕ್ಷಾಸ್ನಾನ, ಮದುವೆಗಳ ಪುಸ್ತಕ ಶುರುವಾಗುವುದು 1639ರಿಂದ. ಹಡ್ಸನ್ ದಂಡೆಯ ಇನ್ನೊಂದು ಊರು ಆಲ್ಬನಿಯದು 1683ರಿಂದ. ಅದಕ್ಕೂ ಮೊದಲು ಅಲ್ಲಿ ಕೂಸುಗಳು ಹುಟ್ಟಿದ್ದವು, ಅತ್ತಿದ್ದವು. ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. ಒಂದೇ ಊರಲ್ಲಿ ಹಲವು ಯಾನ್ ಯಾನ್ಸೆನ್‌ಗಳಿರುವಾಗ ಯಾವನು ಯಾರೆಂದು ಬಿಡಿಸಲು ದೀಕ್ಷಾಸ್ನಾನದ ಸಾಕ್ಷಿಗಳ ಹೆಸರು ನೋಡಬೇಕು. ಕೂಸಿನ ಅಜ್ಜ, ಅಜ್ಜಿ, ಸೋದರಮಾವ, ಅತ್ತೆ ಅಲ್ಲಿ ಸಿಗುತ್ತಾರೆ. ತಾಯಿಯೂ ತನ್ನಪ್ಪನ ಹೆಸರಿನೊಡನೆಯೇ ಇರುತ್ತಾಳೆ, ಗಂಡನ ಹೆಸರಿನಲ್ಲಿ ಕರಗಿಲ್ಲ.

1664ರಲ್ಲಿ ಇಂಗ್ಲಿಷರು ನ್ಯೂ ಆಮ್‌ಸ್ಟರ್‌ಡ್ಯಾಮ್ ಹಿಡಿದರು. ಬರಬರುತ್ತಾ ಹೆಸರುಗಳು ತಲೆಮಾರಿಗೆ ಬದಲಾಗದೆ ನಿಂತವು. ಹೆಂಡತಿಯರ ಹೆಸರು ಗಂಡಂದಿರದರೊಳಗೆ ಸೇರಿಹೋಯಿತು. ಕಾರ್ನೆಲಿಸ್‌ನ ವಂಶಕ್ಕೆ ಹಾಲೆಂಡಿನ ಬ್ಯೂರೆನ್ ಊರಿನ ಹೆಸರು ಗಟ್ಟಿಯಾಯಿತು. ಆ ಮನೆತನದ ಮಾರ್ಟಿನ್ ವ್ಯಾನ್ ಬ್ಯೂರೆನ್ 1837ರಲ್ಲಿ ಅಮೆರಿಕದ ಅಧ್ಯಕ್ಷನಾದ. ಅವನು ಬೆಳೆದ ಮನೆಯ ಮಾತು ಇನ್ನೂ ಡಚ್ಚೇ ಆಗಿತ್ತು.

ನಿಂತ ಹೆಸರು ಬಾಳಿತು, ಬದಲಾಗುತ್ತಿದ್ದ ಹೆಸರು ಅಳಿಯಿತು ಎನ್ನಿಸುತ್ತದೆ. ಆದರೆ ಲೆಕ್ಕ ಹಾಕಿ: ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1024 ಪೂರ್ವಜರ ಸ್ಥಾನಗಳು. ಮನೆತನದ ಹೆಸರು ಅವರಲ್ಲಿ ಒಬ್ಬನನ್ನು ಹಿಡಿದಿಟ್ಟು ಉಳಿದವರನ್ನೆಲ್ಲ ಮರೆಸುತ್ತದೆ. ಆ ಒಬ್ಬನೂ ಹಿರಿಮೆಯಿಂದ ಆಯ್ಕೆಯಾದವನಲ್ಲ. ರೂಢಿ ಬದಲಾದಾಗ ಸರದಿ ಅವನದಾಗಿತ್ತು, ಅಷ್ಟೇ. ಶಾಶ್ವತ ಎಂದುಕೊಂಡದ್ದು ಒಂದು ಆಕಸ್ಮಿಕ.

ಹಳೆಯ ಪದ್ಧತಿ ಯಾರನ್ನೂ ಉಳಿಸುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಅಪ್ಪನನ್ನು ಕಂಡವರು ಇರುವಷ್ಟು ದಿನ ಅವನ ಹೆಸರು ಬಳಕೆಯಲ್ಲಿರುತ್ತಿತ್ತು, ಆಮೇಲೆ ಇನ್ನೊಬ್ಬ ಅಪ್ಪನಿಗೆ ಜಾಗ ಬಿಡುತ್ತಿತ್ತು. ಇಂದು ಹುಡುಕುವವರಿಗೆ ಅದರಿಂದ ತೊಡಕು, ನಿಜ. ಆದರೆ ಆ ಹೆಸರು ಇಟ್ಟದ್ದು ಮುನ್ನೂರು ವರ್ಷದ ಮೇಲೆ ಬರುವವರಿಗಲ್ಲ. ಇಬ್ಬರು ಪೀಟರರಲ್ಲಿ ಯಾವ ಪೀಟರ್ ಎಂದು ಕೇಳುವ ಪಕ್ಕದ ಮನೆಯವರಿಗೆ.