ವಾಡಿಯ ಹಳಿ, ಲಂಡನ್ನಿನ ಖಾತರಿ

ವಾಡಿ ಜಂಕ್ಷನ್ನಿನ ಹೆಸರು ಕೇಳದ ರೈಲು ಪ್ರಯಾಣಿಕರು ದಕ್ಷಿಣದಲ್ಲಿ ಕಡಿಮೆ. ಅಲ್ಲಿ ಇಳಿದು ಊರು ನೋಡಿದವರೂ ಕಡಿಮೆ. ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಕಡೆಯ ಹಳಿಗಳು ಕೂಡುವ ಚಿತ್ತಾಪುರ ತಾಲ್ಲೂಕಿನ ಈ ಊರು ಹೆಚ್ಚಿನವರಿಗೆ ಗಾಡಿ ಬದಲಿಸುವ ಜಾಗ, ಅಷ್ಟೆ.

ವಾಡಿ ಜಂಕ್ಷನ್ ಆದದ್ದು ತನ್ನ ಅಗತ್ಯಕ್ಕಾಗಿ ಅಲ್ಲ. ಮುಂಬಯಿ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿತು. ನಿಜಾಮರ ಸೀಮೆಯ ಪಡುವಣ ಭಾಗದಲ್ಲೇ ಹಾದುಹೋದ ಆ ದಾರಿಗೆ ಹೈದರಾಬಾದ್ ಸಿಗಲಿಲ್ಲ. ಹಾಗಾಗಿ ವಾಡಿಯಿಂದ ಒಂದು ಕವಲು ಹೊರಟಿತು. 1874ರ ಅಕ್ಟೋಬರಿನಲ್ಲಿ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಗಾಡಿ ಓಡಿತು. ಅದು ರಾಜಧಾನಿಗೆ ಬೇಕಿತ್ತು, ಸಿಕಂದರಾಬಾದಿನ ಬ್ರಿಟಿಷ್ ದಂಡಿಗೂ ಬೇಕಿತ್ತು. ದಾರಿಯ ಹಳ್ಳಿಗಳನ್ನು ಕೇಳುವ ರೂಢಿ ಆಗ ಇರಲಿಲ್ಲ.

1883ರಲ್ಲಿ ಈ ರೈಲನ್ನು ಲಂಡನ್ನಿನ ಕಂಪನಿಯೊಂದಕ್ಕೆ ಒಪ್ಪಿಸುವ ಕರಾರಾಯಿತು. ಹಾಕಿದ ಬಂಡವಾಳಕ್ಕೆ 20 ವರ್ಷ, ನೂರಕ್ಕೆ 5ರಂತೆ ಬಡ್ಡಿ ತಪ್ಪದೆ ಸಿಗುವುದೆಂದು ನಿಜಾಮ ಸರ್ಕಾರ ಖಾತರಿ ಕೊಟ್ಟಿತು. ಗಾಡಿ ಲಾಭ ತರಲಿ, ಬಿಡಲಿ, ಷೇರುದಾರನಿಗೆ ಚಿಂತೆಯಿಲ್ಲ. ಕೊರತೆ ಬಿದ್ದರೆ ಬೊಕ್ಕಸ ತುಂಬಿಕೊಡಬೇಕು. ಬೊಕ್ಕಸ ತುಂಬುತ್ತಿದ್ದುದು ಮುಖ್ಯವಾಗಿ ಭೂಕಂದಾಯದಿಂದ. ಜೋಳ, ತೊಗರಿ ಬಿತ್ತಿ ಮುಗಿಲು ನೋಡುವ ರೈತ, ತನಗೇ ಮಳೆಯ ಖಾತರಿ ಇಲ್ಲದವನು, ಎಂದೂ ಕಾಣದ ಷೇರುದಾರನಿಗೆ ಜಾಮೀನು ನಿಂತ. ತಾನು ಜಾಮೀನು ನಿಂತಿದ್ದೇನೆಂಬುದು ಅವನಿಗೆ ಗೊತ್ತೂ ಇರಲಿಲ್ಲ.

ಕೇಳಿದವರು ಇರಲಿಲ್ಲವೆಂದಲ್ಲ. ರೈಲನ್ನು ಚಾಂದಾ (ಇಂದಿನ ಚಂದ್ರಪುರ) ಕಡೆಗೆ ಬೆಳೆಸುವ ಯೋಜನೆಯೂ ಆಗ ಮುಂದಿತ್ತು. ಅದರ ವಿವರಗಳನ್ನು ಜನರ ಮುಂದಿಡಿ ಎಂದು ಹೈದರಾಬಾದಿನಲ್ಲಿ ಕೆಲವರು ಒತ್ತಾಯಿಸಿದರು. ಅವರಲ್ಲಿ ಒಬ್ಬರು ಶಿಕ್ಷಣತಜ್ಞ ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. ಸರ್ಕಾರ ಅವರನ್ನು ಅದೇ 1883ರಲ್ಲಿ ಗಡೀಪಾರು ಮಾಡಿತು. ಅವರು ರೈಲು ಬೇಡವೆಂದವರಲ್ಲ, ಲೆಕ್ಕ ತೋರಿಸಿ ಎಂದವರು. ಲೆಕ್ಕ ಕೇಳಿದವನನ್ನು ಕೆಲಸ ಕೆಡಿಸುವವನೆಂದು ಕರೆಯುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ರೈಲಿನಿಂದ ಈ ಸೀಮೆಗೆ ಒಳಿತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಹಾಬಾದಿ ಫರಸಿ ದೂರದ ಮನೆಗಳ ನೆಲವಾದದ್ದು, ಇಲ್ಲಿನ ತೊಗರಿ ಪರಊರಿನ ಅಡುಗೆಮನೆ ಸೇರಿದ್ದು ಈ ಹಳಿಗಳ ಮೇಲೆಯೇ. ನೆಲದಡಿಯ ಸುಣ್ಣಕಲ್ಲನ್ನು ನೆಚ್ಚಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1968ರಲ್ಲಿ ವಾಡಿಯಲ್ಲಿ, ಆಮೇಲೆ ಮಳಖೇಡ, ಸೇಡಂಗಳಲ್ಲಿ. ಮಳೆ ಕೈಕೊಟ್ಟ ವರ್ಷ ಹೊಟ್ಟೆಪಾಡಿಗೆ ಮುಂಬಯಿ, ಹೈದರಾಬಾದಿಗೆ ಹೊರಟವರನ್ನು ಹೊತ್ತು ಒಯ್ದದ್ದೂ ಈ ಗಾಡಿಗಳೇ. ಆದರೆ ಭೋಂಗಾ ಕೇಳಿ ಹೊತ್ತು ತಿಳಿಯುತ್ತಿದ್ದ ಶಹಾಬಾದಿನ ಹಳೆಯ ಕಾರ್ಖಾನೆ ಮುಚ್ಚಿದಾಗ, ಅದನ್ನೇ ನಂಬಿದ ಮನೆಗಳಿಗೆ ನೂರಕ್ಕೆ 5ರ ಕರಾರು ಯಾರೂ ಬರೆದುಕೊಟ್ಟಿರಲಿಲ್ಲ.

ಲಂಡನ್ನಿನ ಕಂಪನಿ ಹೋಯಿತು, ನಿಜಾಮರ ಆಳ್ವಿಕೆಯೂ ಹೋಯಿತು. ನಿರ್ಧಾರ ಮಾತ್ರ ದೂರದಲ್ಲೇ ಉಳಿಯಿತು. ಚಿತ್ತಾಪುರದ ಒಂದೇ ತಾಲ್ಲೂಕಿನಲ್ಲಿ ವಾಡಿ ಸೊಲ್ಲಾಪುರ ರೈಲ್ವೆ ವಿಭಾಗಕ್ಕೆ, ಚಿತ್ತಾಪುರ ಸಿಕಂದರಾಬಾದಿಗೆ ಸೇರಿವೆ. ಎರಡೂ ಕಚೇರಿಗಳು ರಾಜ್ಯದಾಚೆ. ಕಲಬುರಗಿಗೆಂದು ಘೋಷಿಸಿದ ವಿಭಾಗ ಶಂಕುಸ್ಥಾಪನೆಯಲ್ಲೇ ನಿಂತಿತು. ಪಕ್ಕದ ಚಿಂಚೋಳಿ ಪಟ್ಟಣಕ್ಕೆ ಹಳಿಯೇ ಬರಲಿಲ್ಲ. ಅಲ್ಲಿಯವರು ರೈಲು ಹಿಡಿಯಲು ಇಂದಿಗೂ ತಾಂಡೂರಿಗೋ ಸೇಡಂಗೋ ಹೋಗಬೇಕು.

ಸರ್ಕಾರವನ್ನೂ ಕಂಪನಿಯನ್ನೂ ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಕರಾರಿನ ಸಣ್ಣ ನಕಲು ನಮ್ಮ ಮನೆಗಳಲ್ಲೂ ಇದೆ. ನಮ್ಮ ಸಂಬಳ ತಿಂಗಳಿಗೊಮ್ಮೆ ತಪ್ಪದೆ ಬರಬೇಕು. ಮನೆಗೆಲಸದಾಕೆ ಜ್ವರದಿಂದ ಎರಡು ದಿನ ಬಾರದಿದ್ದರೆ ಅವಳ ಪಗಾರ ಹಿಡಿಯುತ್ತೇವೆ. ಬೇಳೆ ಅಗ್ಗವಾಗಿ ಸಿಗಬೇಕು. ಬೆಲೆ ಬಿದ್ದ ವರ್ಷ ತೊಗರಿ ಬೆಳೆದವನ ಸಾಲ ಅವನ ಪಾಡು. ನಿಶ್ಚಿಂತೆ ನಮಗೆ, ಗಂಡಾಂತರ ಇನ್ನೊಬ್ಬರಿಗೆ. ಇದನ್ನು ನಾವು ಅನ್ಯಾಯ ಎನ್ನುವುದಿಲ್ಲ, ವ್ಯವಹಾರ ಎನ್ನುತ್ತೇವೆ.

ಗದಗದಿಂದ ವಾಡಿಗೆ ಹೊಸ ಹಳಿ ಬರುತ್ತಿದೆ. ಬರಲಿ. ಆದರೆ ನೆಲ ಕೊಟ್ಟವರ ಮುಂದೆ ಪೂರ್ತಿ ಲೆಕ್ಕವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಬೇಕು: ಏನು ಬರುತ್ತದೆ, ಏನು ಹೋಗುತ್ತದೆ, ನಷ್ಟವಾದರೆ ತುಂಬಿಕೊಡುವವರು ಯಾರು. ಅಘೋರನಾಥರು ಊರು ಬಿಡಬೇಕಾದದ್ದು ಇಷ್ಟನ್ನೇ ಕೇಳಿದ್ದಕ್ಕೆ. ನಷ್ಟ ಹೊರುವವನಿಗೆ ಲೆಕ್ಕ ಕೇಳುವ ಹಕ್ಕು ಮೊದಲು. ಉಳಿದವರ ಬಡ್ಡಿ ಆಮೇಲೆ.