ಗುಡಿಸದೆ ಬಿಟ್ಟ ಹಿತ್ತಿಲು

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಹಾದಿಯಲ್ಲಿ, ನಗರದ ತೆಂಕಣ ಅಂಚಿಗೆ, ಮರಳೂರು ಇದೆ. ಒಂದು ಕಾಲಕ್ಕೆ ತನ್ನ ಕೆರೆ, ತನ್ನ ಹೊಲಗಳೊಡನೆ ಬೇರೆಯೇ ಹಳ್ಳಿಯಾಗಿದ್ದ ಈ ಊರು ಈಗ ಮಹಾನಗರದ ಒಂದು ಭಾಗ. ರಾಗಿ ಬೆಳೆಯುತ್ತಿದ್ದೆಡೆ ನಿವೇಶನಗಳು ಎದ್ದಿವೆ. ನಿವೇಶನಗಳ ಸುತ್ತ ಗಾರೆಯ ಅಂಗಳಗಳು. ಇಲ್ಲಿ ನಮ್ಮದೊಂದು ಹಳೆಯ ಮನೆ, ಅದರ ಹಿಂದೆ ಮೂವತ್ತಡಿ ಅಗಲ, ಐವತ್ತಡಿ ಉದ್ದದ ಹಿತ್ತಿಲು. ಒಂದು ಬಿಲ್ವ, ಒಂದು ಕರಿಬೇವು, ಎರಡು ತೆಂಗು, ಒಂದು ನುಗ್ಗೆ. ಇಷ್ಟು ನಾವು ನೆಟ್ಟದ್ದು. ಉಳಿದದ್ದೆಲ್ಲ ತಾನಾಗಿ ಬಂದದ್ದು.

ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಹಿರಿಯ ಬಂಧುಗಳೊಬ್ಬರು ಮನೆಗೆ ಬಂದಿದ್ದರು. ಎಂಬತ್ತು ದಾಟಿದವರು; ಲಿಂಗಪೂಜೆಯನ್ನು ಒಂದು ಹೊತ್ತೂ ತಪ್ಪಿಸದವರು; ವಚನಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡವರು. ಹಿತ್ತಿಲ ಬಾಗಿಲಲ್ಲಿ ಕೋಲೂರಿ ನಿಂತು, ಸೊಂಟದೆತ್ತರಕ್ಕೆ ಬೆಳೆದ ಹಸುರನ್ನೂ ಮೂಲೆಯ ಎಲೆರಾಶಿಯನ್ನೂ ನೋಡಿದರು. “ಏನಪ್ಪಾ, ಲಿಂಗಾರ್ಚನೆ ನಡೆಯುವ ಮನೆಯ ಹಿತ್ತಿಲೇ ಇದು? ಕಾಯಕ, ಕಾಯಕ ಎಂದು ಬಾಯಲ್ಲಿ ಹೇಳುತ್ತೀ. ಪೊರಕೆ ಹಿಡಿಯುವ ಕಾಯಕವೊಂದು ನಿನ್ನಿಂದ ಆಗದೆ ಹೋಯಿತೇ?” ಎಂದರು. ಅಷ್ಟಕ್ಕೇ ಬಿಡದೆ, ದೇಹವನ್ನು ತೋಟವಾಗಿ ಕಂಡು ಅದರೊಳಗಿನ ಭ್ರಾಂತಿಯನ್ನು ಬೇರುಸಹಿತ ಅಗೆದು ತೆಗೆದ ಅಲ್ಲಮಪ್ರಭುಗಳ ವಚನವನ್ನೂ ನೆನಪಿಸಿದರು. “ಪ್ರಭುಗಳು ಅಗೆಯಬೇಕೆಂದರು, ನೀನು ಬೆಳೆಸುತ್ತಿರುವೆ” ಎಂಬುದು ಅವರ ತೀರ್ಪು.

ಈ ಆಕ್ಷೇಪಣೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಶರಣಧರ್ಮದಲ್ಲಿ ಮೈಗಳ್ಳತನಕ್ಕೆ ಎಡೆಯಿಲ್ಲ. ದುಡಿಯದೆ ಉಂಬವನನ್ನು ಶರಣರು ಮನ್ನಿಸಿದವರಲ್ಲ. ಒಳಹೊರಗಿನ ಶುಚಿಗೆ ಅವರು ಕೊಟ್ಟ ಬೆಲೆಯೂ ಕಡಮೆಯದಲ್ಲ. ಹಾಗಿರುವಲ್ಲಿ ಹಿತ್ತಿಲನ್ನು ಅದರ ಪಾಡಿಗೆ ಬಿಟ್ಟು, ಅದನ್ನು ನೋಡಿ ಸಂತೋಷಪಡುವವನು ತನ್ನ ಸೋಮಾರಿತನಕ್ಕೆ ಒಂದು ಒಳ್ಳೆಯ ಹೆಸರನ್ನು ಹುಡುಕುತ್ತಿರುವನೇ? ಈ ಸಂದೇಹವು ನನಗೂ ಬಂದುದುಂಟು. ಆದುದರಿಂದ ಹಿತ್ತಿಲು ಈ ಸ್ಥಿತಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು.

ಹಿಂದೆ ನಾನು ಅದನ್ನು ಕನ್ನಡಿಯಂತೆ ಇಟ್ಟಿದ್ದೆನು. ದಿನಕ್ಕೆರಡು ಬಾರಿ ಗುಡಿಸುವುದು, ಉದುರಿದ ಎಲೆಯನ್ನು ಒಟ್ಟಿ ಸುಡುವುದು, ಹುಲ್ಲು ತಲೆಯೆತ್ತಿದರೆ ಕೀಳುವುದು. ಒಂದು ವರ್ಷ ಫಾಲ್ಗುಣದಲ್ಲಿ ಮೊಮ್ಮಗುವಿನ ಲಿಂಗಧಾರಣೆಯನ್ನು ಮನೆಯಲ್ಲಿ ಏರ್ಪಡಿಸಿದ್ದೆವು. ನೆಂಟರು ಬರುವರೆಂದು ಎಲೆಯನ್ನೆಲ್ಲ ಬೇಲಿಯ ಮೂಲೆಗೆ ಸರಿಸಿ ನಾನೇ ಕಡ್ಡಿ ಗೀರಿದೆನು. ಬೆಂಕಿ ಒಣಗಿದ ಬೇಲಿಗೆ ತಗುಲಿತು. ಬೇಲಿಯ ಪೊದೆಯೊಳಗೆ ಎದೆಯೆತ್ತರದಲ್ಲಿ ಪಿಕಳಾರದ ಗೂಡೊಂದಿತ್ತೆಂಬುದು ತಿಳಿದದ್ದು, ಜೋಡಿಹಕ್ಕಿಗಳು ಹೊಗೆಯ ಮೇಲೆ ಸುತ್ತುತ್ತ ಕೂಗತೊಡಗಿದಾಗ. ನೀರು ತಂದು ಸುರಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಬೂದಿಯಲ್ಲಿ ಎರಡು ಮರಿಗಳು, ಹೆಬ್ಬೆರಳಿನಷ್ಟು. ಎಲೆಯ ಅಡಿಯಲ್ಲಿದ್ದ ಕಪ್ಪೆಗಳನ್ನು ನಾನು ಎಣಿಸಲಿಲ್ಲ. ಅಂದು ಸಂಜೆ ಪೂಜೆಗೆ ಕುಳಿತಾಗ ಅಂಗೈಯಲ್ಲಿ ಲಿಂಗವಿದ್ದಿತು. ಕಿವಿಯಲ್ಲಿ ಆ ಹಕ್ಕಿಗಳ ಕೂಗಿದ್ದಿತು. ಮಾಂಸವನ್ನು ಮುಟ್ಟದ ಮನೆಯೆಂದು ಹೇಳಿಕೊಳ್ಳುವವರು ನಾವು. ಒಂದು ಕಡ್ಡಿಪೆಟ್ಟಿಗೆಯಿಂದ ಎಷ್ಟು ಜೀವಗಳನ್ನು, ಅದೂ ಅಂಗಳ ಚೆಂದ ಕಾಣಲೆಂದು, ಕಳೆದಿರಬಹುದೆಂದು ಅದುವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಆ ಬಳಿಕ ನಾನೇನೂ ವ್ರತ ತೊಡಲಿಲ್ಲ. ಪೊರಕೆ ಹಿಡಿಯಲು ಮನಸ್ಸಾಗಲಿಲ್ಲ, ಅಷ್ಟೆ. ಮುಂಗಾರು ಬಂದಿತು, ಸುಟ್ಟ ಮೂಲೆಯಲ್ಲಿಯೇ ಮೊದಲು ತುಂಬೆ ಹುಟ್ಟಿತು. ಶಿವನಿಗೆ ಪ್ರಿಯವಾದ ತುಂಬೆಯನ್ನು ಪೂಜೆಗೆಂದು ಪೇಟೆಯಲ್ಲಿ ಹುಡುಕುತ್ತಿದ್ದ ನಾನು, ವರ್ಷ ವರ್ಷವೂ ಅದರ ಸಸಿಯನ್ನು ಕಳೆಯೆಂದು ಕಿತ್ತು ಸುಟ್ಟಿದ್ದೆನೆಂಬುದು ಆಗ ತಿಳಿಯಿತು. ಹಿಂದೆಯೇ ಉತ್ತರಾಣಿ, ನೆಲನೆಲ್ಲಿ, ಗಣಿಕೆ, ಹೊನಗೊನೆ ಬಂದವು. ಮನೆಯಾಕೆ ಒಂದು ಬೆಳಿಗ್ಗೆ ಮೊರ ಹಿಡಿದು ಹೋಗಿ ಬೆರಕೆ ಸೊಪ್ಪಿನ ಸಾರಿಗೆ ಬೇಕಾದಷ್ಟನ್ನು ಬಿಡಿಸಿಕೊಂಡು ಬಂದಳು. ಆ ಸಾರಿನೊಡನೆ ಉಂಡ ಮುದ್ದೆಯ ರುಚಿಯನ್ನು ಇಲ್ಲಿ ವರ್ಣಿಸುವುದು ಪತ್ರಿಕೆಯ ಗಾಂಭೀರ್ಯಕ್ಕೆ ಒಪ್ಪದು.

ಗೋಡೆಯ ಬದಿಗೆ ಎಕ್ಕ ಎದ್ದಿತು. ದನ ಮೂಸಿ ಬಿಡುವ ಆ ಗಿಡವನ್ನು ತಿಂದು ಬದುಕುವ ಹುಳುವೊಂದಿದೆ. ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳು. ಎಕ್ಕದ ಹಾಲಿನ ನಂಜು ಅದರ ಮೈಯಲ್ಲಿ ಸೇರಿ, ಅದು ಕಿತ್ತಳೆ ಬಣ್ಣದ ಚಿಟ್ಟೆಯಾದ ಮೇಲೆಯೂ ಉಳಿಯುವುದರಿಂದ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ನುಗ್ಗೆಯ ಪಕ್ಕದ ಪೊದೆಯಲ್ಲಿ ಸಿಂಪಿಗ ಹಕ್ಕಿ ಎರಡು ಅಗಲ ಎಲೆಗಳ ಅಂಚಿಗೆ ಕೊಕ್ಕಿನಿಂದ ತೂತು ಕೊರೆದು, ಹತ್ತಿಯ ಎಳೆಯಿಂದ ಹೊಲಿದು, ನಡುವೆ ತೊಟ್ಟಿಲು ಮಾಡಿತು. ಅದನ್ನು ನೋಡುತ್ತ ನಿಂತಾಗ ನನಗೆ ಸೂಜಿಕಾಯಕದ ರಾಮಿತಂದೆಗಳ ನೆನಪಾಯಿತು. ಕೊಳೆತ ಎಲೆಯಡಿಯಲ್ಲಿ ಎರೆಹುಳುಗಳು ಮರಳಿದವು. ಇವುಗಳ ದುಡಿಮೆಯನ್ನು ದಶಕಗಳ ಕಾಲ ಗಮನಿಸಿದ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಅದಕ್ಕೆಂದೇ ಒಂದು ಗ್ರಂಥವನ್ನು ಪ್ರಕಟಿಸಿದರು. ಎಲೆಯನ್ನು ನೆಲದೊಳಕ್ಕೆ ಎಳೆದು, ಅಡಿಯ ಮಣ್ಣನ್ನು ಮೇಲಕ್ಕೆ ತಂದು, ಹೊಲವನ್ನು ನೇಗಿಲಿಗಿಂತ ಮೊದಲು ಉತ್ತವು ಅವೇ ಎಂದು ತೋರಿಸಿಕೊಟ್ಟರು. ಹಿತ್ತಿಲಲ್ಲಿ ಕಾಯಕ ನಿಂತಿರಲಿಲ್ಲ. ನನ್ನದು ನಿಂತಿತ್ತು, ಅಷ್ಟೆ.

ಆದರೆ ನನ್ನನ್ನು ನಿಜವಾಗಿ ಪರೀಕ್ಷಿಸಿದ್ದು ಬಿಲ್ವ. ಒಂದು ದಿನ ಪತ್ರೆ ಬಿಡಿಸಲು ಹೋದಾಗ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆ ಕಂಡಿತು. ಒರಸಲು ಹೋದರೆ ಅದು ಅಲುಗಿತು! ಕಪ್ಪು ಬಿಳುಪಿನ ಪುಟ್ಟ ಮರಿಹುಳು. ಹಿಕ್ಕೆಯಂತೆ ತೋರುವುದೇ ಅದರ ರಕ್ಷಣೆ. ಕೆಲವು ದಿನಗಳಲ್ಲಿ ಅದು ಎಲೆಹಸುರು ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪುಛಾಯೆಯ ಎರಡು ಕೊಂಬುಗಳನ್ನು ಚಾಚಿ ಕಟುವಾದ ವಾಸನೆಯನ್ನು ಬಿಡುತ್ತಿತ್ತು. ನಿಂಬೆ, ಕರಿಬೇವು, ಬಿಲ್ವ ಇವು ಒಂದೇ ಕುಲದ ಗಿಡಗಳಾದುದರಿಂದ ನಿಂಬೆಚಿಟ್ಟೆ ಈ ಮೂರರ ಮೇಲೂ ಮೊಟ್ಟೆಯಿಡುವುದು. ಹುಳುಗಳು ಏಳೆಂಟಿದ್ದವು, ಗಿಡ ಚಿಕ್ಕದು. ಪ್ರತಿದಿನವೂ ಹತ್ತಿಪ್ಪತ್ತು ಪತ್ರೆಗಳು ಅರ್ಧವಾಗುತ್ತಿದ್ದವು. ಹುಳು ಬಾಯಿಟ್ಟ ಪತ್ರೆಯನ್ನು ಪೂಜೆಗೆ ಬಳಸಬಾರದೆಂದು ಬಾಲ್ಯದಿಂದ ಕೇಳಿದ್ದೆನು. ಲಿಂಗಕ್ಕೆ ಸಲ್ಲುವುದನ್ನು ಹುಳು ತಿನ್ನುತ್ತಿದೆ. ಹುಳುವನ್ನು ತೆಗೆಯುವುದು ಧರ್ಮವೋ, ಬಿಡುವುದು ಧರ್ಮವೋ?

ಕರು ಕುಡಿದುಳಿದ ಹಾಲು, ಮೀನು ಆಡಿದ ನೀರು, ದುಂಬಿ ಕುಳಿತೆದ್ದ ಹೂವು, ಇವುಗಳಲ್ಲಿ ಯಾವುದನ್ನು ಶುದ್ಧವೆಂದು ದೇವರಿಗೆ ಅರ್ಪಿಸಲಿ ಎಂಬ ತಳಮಳ ವಚನಗಳಲ್ಲಿ ಕಾಣುತ್ತದೆ. ಅದನ್ನು ನಾನು ಓದಿದ್ದೆನು. ಇತರರಿಗೆ ಹೇಳಿಯೂ ಇದ್ದೆನು. ಆದರೆ ಕೈಯಲ್ಲಿ ತೂತುಬಿದ್ದ ಪತ್ರೆಯನ್ನು ಹಿಡಿದು ನಿಂತಾಗಲೇ ಅದು ನನ್ನ ಪ್ರಶ್ನೆಯಾಯಿತು. ಲೋಕದಲ್ಲಿ ಮತ್ತೊಂದು ಜೀವ ಮೊದಲು ಮುಟ್ಟದಿರುವುದು ಯಾವುದೂ ಇಲ್ಲವಾದರೆ, ಶುಚಿಯೆಂಬುದನ್ನು ವಸ್ತುವಿನಲ್ಲಿ ಹುಡುಕಿ ಫಲವಿಲ್ಲ. ಅಂದು ಮೂರು ಪೂರ್ಣ ಪತ್ರೆಗಳು ದೊರೆತವು. ಸಾಕಾಯಿತು. ಹತ್ತು ಹದಿನೈದು ದಿನಗಳಲ್ಲಿ ಗೋಡೆಗೆ ಅಂಟಿದ ಕೋಶವೊಂದರಿಂದ ಕಪ್ಪು ಹಳದಿಯ ಚಿಟ್ಟೆ ಹೊರಬಂದು, ಒದ್ದೆ ರೆಕ್ಕೆಯನ್ನು ಆರಿಸಿಕೊಳ್ಳುತ್ತ ಬಹಳ ಹೊತ್ತು ಕುಳಿತಿತು. ಮನೆಯವರೆಲ್ಲರೂ ಕಾಫಿ ಆರಿದ್ದನ್ನು ಮರೆತು ನೋಡಿದೆವು. ಬಿಲ್ವವು ಮತ್ತೆ ಚಿಗುರಿತು. ಅದಕ್ಕೆ ಈ ವ್ಯವಹಾರ ಹೊಸದಲ್ಲವಷ್ಟೆ.

ಹಿರಿಯ ಬಂಧುಗಳು ಹೇಳಿದ ಪ್ರಭುದೇವರ ವಚನಕ್ಕೆ ಈಗ ಬರುತ್ತೇನೆ. ಪ್ರಭುದೇವರು ತೋಟಿಗ ಗೊಗ್ಗಯ್ಯನನ್ನು ಕಂಡ ಪ್ರಸಂಗವನ್ನು ಚಾಮರಸನು ಪ್ರಭುಲಿಂಗಲೀಲೆಯಲ್ಲಿ ವಿಸ್ತರಿಸಿದ್ದಾನೆ. ಹೊರಗಿನ ತೋಟದಲ್ಲಿ ಬೆವರಿಳಿಸುತ್ತಿದ್ದವನಿಗೆ ಒಳಗಿನ ತೋಟವನ್ನು ತೋರಿಸಿದ ಪ್ರಸಂಗವದು. ಪ್ರಭುಗಳು ಅಗೆದದ್ದು ಭ್ರಾಂತಿಯನ್ನು, ಉತ್ತರಾಣಿಯನ್ನಲ್ಲ. ನನ್ನ ಮಟ್ಟಿಗೆ, ಉದುರಿದ ಎಲೆ ಕಸವೆಂಬುದೂ, ನೆಡದ ಗಿಡ ಕಳೆಯೆಂಬುದೂ, ಐವತ್ತಡಿ ನೆಲದ ಮೇಲೆ ನನ್ನ ಅಪ್ಪಣೆಯಿಲ್ಲದೆ ಹುಲ್ಲೂ ಹುಟ್ಟಬಾರದೆಂಬುದೂ ಅಗೆಯಬೇಕಾದ ಬೇರುಗಳೇ ಆಗಿದ್ದವು. ಇದನ್ನು ಬಂಧುಗಳಿಗೆ ಹೇಳಿದೆ. “ಮಾತು ಕಲಿತಿದ್ದೀ” ಎಂದರು, ಒಪ್ಪಲಿಲ್ಲ.

ಮರಳೂರಿನಿಂದ ಇದೇ ಹಾದಿಯಲ್ಲಿ ತೆಂಕಣಕ್ಕೆ ಹೊರಟರೆ ಮೊದಲು ಗೂಳೂರು ಸಿಗುವುದು. ಶೂನ್ಯಸಂಪಾದನೆಯನ್ನು ಸಂಕಲಿಸಿದ ಸಿದ್ಧವೀರಣ್ಣೊಡೆಯರ ಊರು. ಮುಂದೆ ನಾಗವಲ್ಲಿ. ಅಲ್ಲಿಯ ಬೇಲಿಗಳಲ್ಲಿಯೂ ತೋಪುಗಳಲ್ಲಿಯೂ ಕಾಡುಪಾಪವೆಂಬ ಸಾಧುಪ್ರಾಣಿ ವಾಸಿಸುವುದನ್ನು ನಮ್ಮ ಜಿಲ್ಲೆಯವರು ಬಲ್ಲರು. ಹಗಲೆಲ್ಲ ಮುದುಡಿ ಮಲಗಿ, ರಾತ್ರಿ ದೊಡ್ಡ ಕಣ್ಣು ತೆರೆದು ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುವ ಈ ಜೀವ, ನೆಲಕ್ಕಿಳಿಯಲು ಅಂಜಿ, ಕೊಂಬೆಯಿಂದ ಕೊಂಬೆಗೆ ನಡೆಯುತ್ತದೆ. ಪೊದೆಬೇಲಿಯನ್ನು ಕಡಿದು ತಂತಿ ಎಳೆದರೆ ಅದರ ದಾರಿ ಕಡಿಯಿತು. ಕುಣಿಗಲ್ಲು ದಾಟಿದ ಮೇಲೆ ಎಡೆಯೂರು. ಅದರ ಬಳಿ ನಾಗಿನೀ ನದಿಯ ದಡದ ಕಗ್ಗೆರೆ. ಗುರು ಸಿದ್ಧಲಿಂಗ ಯತಿಗಳು ಅಲ್ಲಿನ ಭಕ್ತರೊಬ್ಬರ ತೋಟದಲ್ಲಿ ಶಿವಯೋಗದಲ್ಲಿ ಕುಳಿತುದರಿಂದಲೇ ‘ತೋಂಟದ’ ಎಂಬ ಹೆಸರು ಬಂದಿತೆಂದೂ, ಬಹುಕಾಲ ಅಲುಗದೆ ಕುಳಿತ ಅವರ ಮೇಲೆ ಹುತ್ತ ಬೆಳೆಯಿತೆಂದೂ, ಹಸುವೊಂದು ಬಂದು ಹಾಲು ಸುರಿಯುತ್ತಿತ್ತೆಂದೂ ಐತಿಹ್ಯ. ಈ ಕಥೆಯನ್ನು ಕೇಳುವಾಗಲೆಲ್ಲ ನಾವು ಯತಿಗಳ ನಿಷ್ಠೆಯನ್ನು ನೆನೆಯುತ್ತೇವೆ, ಅದು ಸರಿಯೇ. ಈಚೆಗೆ ನನಗೆ ಆ ತೋಟದ ನೆನಪೂ ಆಗುತ್ತದೆ. ಹುತ್ತ ಒಂದು ದಿನದಲ್ಲಿ ಏಳುವುದಲ್ಲ. ಗೆದ್ದಲು ಮಣ್ಣಿನ ಮೇಲೆ ಮಣ್ಣಿಡುತ್ತ ಹೋದ ಆ ಕಾಲವೆಲ್ಲ ಅಲ್ಲಿಗೆ ಯಾರೂ ಗುದ್ದಲಿ ತರಲಿಲ್ಲ. ದಿನಕ್ಕೆರಡು ಬಾರಿ ಗುಡಿಸುವ ನನ್ನಂಥವನ ತೋಟವಾಗಿದ್ದರೆ ಏನಾಗುತ್ತಿತ್ತೋ!

ಹಾವು ಬರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬರುತ್ತದೆ. ಕೇರೆಹಾವೊಂದು ನಮ್ಮಲ್ಲಿಯೇ ಇದೆ. ಅದು ಬಂದಂದಿನಿಂದ ಇಲಿಗೆ ವಿಷವಿಡುವುದನ್ನು ಬಿಟ್ಟಿದ್ದೇವೆ. ನಾಗರವೂ ಬರಬಹುದು. ಬೆಟ್ಟದಲ್ಲಿ ಮನೆ ಮಾಡಿದವರು ಮೃಗಗಳಿಗೆ ಅಂಜಿ ಪ್ರಯೋಜನವೇನೆಂದು ಅಕ್ಕಮಹಾದೇವಿಯವರು ಕೇಳಿದ್ದು ಲೋಕದ ಸ್ತುತಿನಿಂದೆಗಳ ವಿಷಯವಾಗಿ. ಅದನ್ನು ಹಿಡಿದು ಮಕ್ಕಳನ್ನು ಹುಲ್ಲಿಗೆ ಬಿಡುವುದು ಅವಿವೇಕ. ಬಾಗಿಲಿನಿಂದ ಬಾವಿಯವರೆಗೆ ನಾಲ್ಕಡಿ ದಾರಿಯನ್ನು ನಾನು ಈಗಲೂ ಗುಡಿಸುತ್ತೇನೆ. ಸೌದೆಯನ್ನು ಮನೆಗೆ ದೂರವಾಗಿ ಒಟ್ಟಿದ್ದೇವೆ. ರಾತ್ರಿ ಬ್ಯಾಟರಿಯಿಲ್ಲದೆ ಯಾರೂ ಇಳಿಯುವಂತಿಲ್ಲ. ಹಾವು ಕಚ್ಚಿದರೆ ಮಂತ್ರವಲ್ಲ, ಆಸ್ಪತ್ರೆ ಎಂಬುದು ಮನೆಯ ಮಗುವಿಗೂ ಗೊತ್ತು. ಡೆಂಗ್ಯೂ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಚಿಪ್ಪು, ಹಳೆಯ ಟೈರು, ಮುಚ್ಚದ ತೊಟ್ಟಿಗಳಲ್ಲಿ ನಿಂತ ತಿಳಿನೀರಿನಲ್ಲಿ. ಮೊಟ್ಟೆಯು ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದುದರಿಂದ ಅಂಥವನ್ನು ವಾರಕ್ಕೊಮ್ಮೆ ತಪ್ಪದೆ ಕವುಚುತ್ತೇವೆ. ಹಕ್ಕಿಗಿಟ್ಟ ನೀರನ್ನು ದಿನವೂ ಬದಲಿಸುತ್ತೇವೆ. ನೆರೆಯವರಿಗೆ ಜ್ವರ ಹಂಚಿ ಚಿಟ್ಟೆಗೆ ದಯೆ ತೋರುವುದು ದಯೆಯಲ್ಲ.

ಇದನ್ನೆಲ್ಲ ಕಂಡ ಸ್ನೇಹಿತರೊಬ್ಬರು, “ಇದು ದಾಸೋಹವೇ ಅಲ್ಲವೇ ಸ್ವಾಮಿ?” ಎಂದರು. ಕೇಳಲು ಹಿತವಾಗಿತ್ತು, ಒಪ್ಪಲು ಮನಸ್ಸು ಬರಲಿಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿ ಓದಿಸಿದರಲ್ಲ, ಅದು ದಾಸೋಹ. ಅಲ್ಲಿ ಒಲೆಯ ಮುಂದಿನ ಬೆವರಿದೆ, ಮನೆಮನೆ ತಿರುಗಿದ ಪಾದಗಳಿವೆ. ನಾನು ಯಾರಿಗೂ ಏನನ್ನೂ ನೀಡಿಲ್ಲ. ಇದ್ದುದನ್ನು ತೆಗೆಯದೆ ಬಿಟ್ಟೆನಷ್ಟೆ. ಇದಕ್ಕೆ ಹತ್ತಿರವಾದವರು ಆಯ್ದಕ್ಕಿ ಲಕ್ಕಮ್ಮನವರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ತಂದಾಗ, ಆ ತಾಯಿ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಕದ್ದ ಅಕ್ಕಿಯಲ್ಲ, ನೆಲದ ಮೇಲೆ ಬಿದ್ದದ್ದು. ಆದರೂ ಬೇಕಾದುದಕ್ಕಿಂತ ಹೆಚ್ಚೆಂಬುದೇ ಅವರಿಗೆ ದೋಷವಾಗಿ ಕಂಡಿತು. ಮಾರಯ್ಯನವರು ಮರಳಿ ಚೆಲ್ಲಿದ ಆ ಕಾಳುಗಳನ್ನು ಆ ಬಳಿಕ ಯಾರು ಆಯ್ದುಕೊಂಡರೆಂದು ಕಥೆ ಹೇಳುವುದಿಲ್ಲ. ಗುಬ್ಬಿಗಳಿರಬೇಕೆಂದು ನನ್ನ ಊಹೆ.

ನೆಟ್ಟ ಗಿಡ ಹೂಬಿಟ್ಟಾಗ ಆಗುವ ಸಂತೋಷ ನನಗೆ ಗೊತ್ತು. ಅದರಲ್ಲಿ ‘ನಾನು’ ಎಂಬುದು ಒಂದು ಮೂಲೆಯಲ್ಲಿ ಕುಳಿತೇ ಇರುತ್ತದೆ. ನೆಡದ ಗಿಡದ ಮೇಲೆ, ಕರೆಯದ ಹಕ್ಕಿ ಬಂದು ಕುಳಿತಾಗ ಆಗುವ ಸಂತೋಷ ಬೇರೆ. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆಯುವಾಗ ಇಂದು ಏನು ಕಾದಿದೆಯೆಂದು ಈ ವಯಸ್ಸಿನಲ್ಲಿಯೂ ಎದೆ ಸ್ವಲ್ಪ ಬೇಗ ಹೊಡೆದುಕೊಳ್ಳುತ್ತದೆ. ಸುಟ್ಟುಹೋದ ಗೂಡಿನ ಲೆಕ್ಕ ಇದರಿಂದ ತೀರಿತೆಂದು ನಾನು ಹೇಳಲಾರೆ. ಆ ಬೇಲಿಯಲ್ಲಿ ಪಿಕಳಾರ ಮತ್ತೆ ಗೂಡು ಕಟ್ಟಿದ್ದು ಮೂರನೆಯ ವರ್ಷ.

ಕಾರ್ತಿಕ ಸೋಮವಾರ ಬೆಳಿಗ್ಗೆ ಹಿರಿಯ ಬಂಧುಗಳು ಮತ್ತೆ ಬಂದರು. ಪೂಜೆಗೆ ತುಂಬೆ ಹೂ ಎಲ್ಲಿಯೂ ಸಿಗಲಿಲ್ಲವಂತೆ. ಹಿತ್ತಿಲಿನ ಮೂಲೆಯಲ್ಲಿ ಅದು ಬೆಳ್ಳಗೆ ಅರಳಿ ನಿಂತಿತ್ತು. “ಆ ಹಾವು ಇನ್ನೂ ಇದೆಯೇನಪ್ಪಾ?” ಎಂದು ಕೇಳಿದರು. ಇದೆ ಎಂದೆ. ಕ್ಷಣಹೊತ್ತು ಸುಮ್ಮನಿದ್ದು, ಕೋಲಿನಿಂದ ನೆಲವನ್ನು ಎರಡು ಬಾರಿ ಮೆಲ್ಲನೆ ಕುಟ್ಟಿ, ಅದು ಸರಿದುಕೊಳ್ಳುವಷ್ಟು ಹೊತ್ತು ಕಾದು, ಬುಟ್ಟಿ ಹಿಡಿದು ಒಳಗೆ ಇಳಿದರು.